ಹದಿನಾರು ಅಣು ನೀರು

ನನ್ನ ಬದುಕಿನಲ್ಲಿ ನಾನು ಮಾಡಿದ ತಪ್ಪುಗಳಿಗೆಲ್ಲ ಹೊಣೆ ಹೊರಲು ಸಮಯಕ್ಕೆ ಸರಿಯಾಗಿ ಯಾರಾದರೊಬ್ಬರು ಒದಗಿ ಬಂದಿದ್ದಾರೆ. ಪಿಯುಸಿಯಲ್ಲಿ ಗಣಿತ ಕೈಕೊಟ್ಟಾಗ, ಪರೀಕ್ಷೆಯ ದಿನ ತಲ್ಲೂರಿನಲ್ಲಿ ನಿಲ್ಲಿಸದೆ ಹೋದ ಬಸ್ಸಿನ ಡ್ರೈವರು ಸಿಕ್ಕಿದ. ಮದುವೆ ತಡವಾದಾಗ ಶನಿ ಸಿಕ್ಕಿದ. ತಲೆಗೂದಲು ಉದುರಿದಾಗ ಬೋರ್‌ವೆಲ್ಲಿನ ನೀರು ಸಿಕ್ಕಿತು. ಇದನ್ನು ನಾನು ಒಂದು ಭಾಗ್ಯವೆಂದೇ ತಿಳಿದಿದ್ದೆ. ಕಳೆದ ವರ್ಷ ನನ್ನ ಅಕ್ಕ ಸಿಕ್ಕಿದಳು. ಅದನ್ನು ನೆನೆದರೆ ಈಗಲೂ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಇಳಿಸುತ್ತೇನೆ, ಆ ಮಾತು ಬೇರೆ.

ನಾನು ಕುಂದಾಪುರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ರಸಾಯನಶಾಸ್ತ್ರ ಎಂದಕೂಡಲೇ ಜನರಿಗೆ ಗಾಜಿನ ಕೊಳವೆಯೂ ಕೊಳೆತ ಮೊಟ್ಟೆಯ ವಾಸನೆಯೂ ನೆನಪಾಗುತ್ತವೆ. ನಾನು ಕಲಿತದ್ದು ಕ್ವಾಂಟಂ ರಸಾಯನಶಾಸ್ತ್ರ. ಇದರಲ್ಲಿ ಹೊಗೆಯಿಲ್ಲ, ಬಣ್ಣವಿಲ್ಲ, ವಾಸನೆಯಂತೂ ಇಲ್ಲವೇ ಇಲ್ಲ. ಅಣುವಿನೊಳಗೆ ಎಲೆಕ್ಟ್ರಾನುಗಳು ಹೇಗೆ ಹರಡಿಕೊಂಡಿವೆ, ಒಂದು ಅಣು ಪಕ್ಕದ ಅಣುವನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿದೆ ಎಂದು ಕುರ್ಚಿಯಲ್ಲಿ ಕೂತು ಲೆಕ್ಕ ಹಾಕುವ ವಿದ್ಯೆ ಇದು. ‘ಇದ್ರಿಂದ ಎಂತ ಪ್ರಯೋಜನ?’ ಎಂದು ಹೆಂಡತಿ ಮದುವೆಯಾದ ಹೊಸತರಲ್ಲಿ ಒಮ್ಮೆ ಕೇಳಿದ್ದಳು. ಅವಳು ಬೈಂದೂರಿನ ಶಾಲೆಯೊಂದರಲ್ಲಿ ಟೀಚರ್. ಉತ್ತರ ಬಾರದ ಮಕ್ಕಳ ಮುಖ ನೋಡಿ ಅಭ್ಯಾಸವಿದ್ದುದರಿಂದ ಮತ್ತೆ ಕೇಳಲಿಲ್ಲ.

ಈ ವಿದ್ಯೆ ಕಲಿಸಿದ ನನ್ನ ಗುರುಗಳು ಬ್ರಹ್ಮಾವರದ ಕಡೆಯವರು. ದೂರದ ಊರಿನ ದೊಡ್ಡ ಸಂಸ್ಥೆಯಲ್ಲಿದ್ದುಕೊಂಡು, ನೀರಿನ ಅಣುಗಳು ಒಂದರ ಕೈಯನ್ನೊಂದು ಹಿಡಿಯುವ ಸಡಿಲ ಬಂಧವನ್ನು ಅಳೆಯುವುದಕ್ಕೆ ಒಂದು ಹೊಸ ದಾರಿ ಹುಡುಕಿದವರು. ಎಲ್ಲೆಲ್ಲಿಯ ವಿಜ್ಞಾನಿಗಳೋ ಈಗ ಆ ದಾರಿಯಲ್ಲಿ ನಡೆಯುತ್ತಾರೆ. ನಿವೃತ್ತರಾಗಿ ಊರಿಗೆ ಬಂದ ಮೇಲೆ ಊರವರು ಅವರ ವಿದ್ಯೆಯ ಬಗ್ಗೆ ಕೇಳಿದ ಪ್ರಶ್ನೆ ಒಂದೇ: ‘ಹ್ವಾಯ್, ನೀವ್ ಕೆಮಿಸ್ಟ್ರಿ ಕಲ್ತವ್ರ್ ಅಂಬ್ರಲೆ, ತೆಂಗಿನ್ ನುಸಿಗೆ ಎಂತ ಹೊಡುದ್?’ ಗುರುಗಳಿಗೆ ಗೊತ್ತಿರಲಿಲ್ಲ. ಅವರ ಪಾಂಡಿತ್ಯದ ಮರ್ಯಾದೆ ಅಲ್ಲಿಗೇ ಮುಗಿಯಿತು. ಶಾಲು, ಹಾರ, ಹಣ್ಣಿನ ಬುಟ್ಟಿಯ ಸನ್ಮಾನವಿಲ್ಲದೆ ನಮ್ಮ ಕಡೆ ಒಂದು ವಾರ ಕಳೆಯುವುದಿಲ್ಲ. ಲಾಟರಿಯಂತೆ ಯಾರ ಹೆಗಲ ಮೇಲೆ ಬೇಕಾದರೂ ಶಾಲು ಬೀಳುತ್ತದೆ. ಗುರುಗಳ ಹೆಗಲ ಮೇಲೆ ಕೊನೆಯವರೆಗೂ ಇದ್ದದ್ದು ಮೈ ಒರೆಸುವ ಬೈರಾಸು.

ಅವರನ್ನು ಕೊನೆಯ ಸಲ ನೋಡಲು ಹೋದಾಗ ಹಾಸಿಗೆ ಹಿಡಿದಿದ್ದರು. ನನ್ನನ್ನು ಗುರುತಿಸಿ, ‘ಆ ಹದ್ನಾರ್ ನೀರಿನ್ ಕತಿ ಎಂತ ಆಯ್ತಾ?’ ಎಂದರು. ಹದಿನಾರು ನೀರಿನ ಅಣುಗಳ ಒಂದು ಗೊಂಚಲನ್ನು ಅವರ ದಾರಿಯಲ್ಲೇ ಲೆಕ್ಕ ಹಾಕುವುದು ನನ್ನ ಪಿಎಚ್‌ಡಿಯಲ್ಲಿ ಉಳಿದುಹೋದ ಕೆಲಸ. ಹದಿನೆಂಟು ವರ್ಷದಿಂದ ಉಳಿದಿತ್ತು. ‘ಈ ವರ್ಷ ಮುಗಿಸ್ತೆ ಸರ್’ ಎಂದೆ. ಅವರು ನಕ್ಕು, ನಮಗೆ ಹಿಂದೆ ಸಾವಿರ ಸಲ ಹೇಳಿದ್ದನ್ನೇ ಮತ್ತೊಮ್ಮೆ ಹೇಳಿದರು: ‘ಮಿಷನ್ನಿಗೆ ಲೆಕ್ಕ ಬತ್ತ್, ನಾಚ್ಕಿ ಬತ್ತಿಲ್ಲೆ. ತಪ್ಪ್ ಪ್ರಶ್ನೆ ಕೊಟ್ರೂ ಉತ್ರ ಹುಡ್ಕ್ತಾ ಇರತ್ತ್. ದಿನಾ ಕಾಣ್ಕ್.’ ದಿನವೂ ನೋಡುತ್ತಿರಬೇಕು ಎಂದರ್ಥ. ಎರಡು ತಿಂಗಳಲ್ಲಿ ಹೋಗಿಬಿಟ್ಟರು. ಆಮೇಲೆ ಒಂದು ವಿಜ್ಞಾನ ಪತ್ರಿಕೆ ಅವರ ಕೊಡುಗೆಯ ಗೌರವಕ್ಕೆ ವಿಶೇಷ ಸಂಚಿಕೆ ತರುವುದೆಂದು ನಿರ್ಧರಿಸಿತು. ಶಿಷ್ಯರೆಲ್ಲ ಒಂದೊಂದು ಲೇಖನ ಕೊಡಬೇಕು. ಬದುಕಿದ್ದಾಗ ಬಾರದ ಶಾಲು ಸತ್ತ ಮೇಲೆ ಬಂದಿತ್ತು. ಅದರಲ್ಲಿ ನನ್ನದೂ ಒಂದು ಎಳೆ ಇರಲೇಬೇಕು, ಕೊಟ್ಟ ಮಾತು ಹಾಗಾದರೂ ಉಳಿಯಲಿ ಎಂದು ನನಗೆ ಆಸೆಯಾಯಿತು. ನಿಜ ಹೇಳಬೇಕೆಂದರೆ ಆಸೆಗಿಂತ ಹೆಚ್ಚಾಗಿ ಭಯವಾಯಿತು.

ತಲ್ಲೂರಿನ ನಮ್ಮ ಮನೆಯ ಚಾವಡಿಯ ಮೂಲೆಯಲ್ಲಿ ಕಂಪ್ಯೂಟರಿಟ್ಟು ಲೆಕ್ಕಕ್ಕೆ ಕೂರಿಸಿದೆ. ಈ ಲೆಕ್ಕ ಸಾರಿಗೆ ಉಪ್ಪು ಹಾಕಿದ ಹಾಗೆ. ಮೊದಲು ಒಂದು ಅಂದಾಜು. ರುಚಿ ನೋಡಿ, ತಿದ್ದಿ, ಮತ್ತೆ ರುಚಿ ನೋಡುವುದು. ಎರಡು ಸಲದ ರುಚಿ ಒಂದೇ ಆದಾಗ ಲೆಕ್ಕ ಮುಗಿಯಿತು. ನನ್ನ ಹಳೆಯ ಯಂತ್ರಕ್ಕೆ ಎರಡು ವಾರ ಬೇಕಾಗಬಹುದಿತ್ತು, ನಡುವೆ ನಿಂತರೆ ಮತ್ತೆ ಮೊದಲಿನಿಂದ. ಲೇಖನಕ್ಕೆ ಕೊನೆಯ ದಿನ ಹತ್ತಿರವಿದ್ದುದರಿಂದ ಎರಡನೆಯ ಸಲಕ್ಕೆ ಸಮಯವೇ ಇರಲಿಲ್ಲ. ಕರೆಂಟು ಹೋದರೆ ಇರಲೆಂದು ಯುಪಿಎಸ್ಸನ್ನೂ ಅದಕ್ಕೊಂದು ದೊಡ್ಡ ಬ್ಯಾಟರಿಯನ್ನೂ ತಂದೆ. ಮನೆಯವರಿಗೆಲ್ಲ ‘ಮುಟ್ಟಬೇಡಿ’ ಎಂದೆ. ಅದು ಏನೆಂದು ಮಾತ್ರ ಯಾರಿಗೂ ಹೇಳಲಿಲ್ಲ. ಹೇಳಿದರೆ ಅರ್ಥವಾಗಬೇಕಲ್ಲ ಎಂಬ ಜಂಬ.

ಮನೆಯವರು ಎಂದರೆ ಹಗಲು ಹೊತ್ತು ಅಕ್ಕ ಒಬ್ಬಳೇ. ಅವಳ ಗಂಡನ ಮನೆ ಶಂಕರನಾರಾಯಣವೆಂಬ ಊರಿನ ಹತ್ತಿರ. ಒಂದು ಸಂಜೆ ಗದ್ದೆಯಲ್ಲಿ ಕಟ್ಟಿದ್ದ ದನವನ್ನು ಬಿಚ್ಚಿ ತರುತ್ತೇನೆಂದು ಹೋದ ಭಾವನಿಗೆ ಸಿಡಿಲು ಹೊಡೆಯಿತು. ದನ ಮಾತ್ರ ಮನೆಗೆ ಬಂತು. ಅಂದಿನಿಂದ ಅಕ್ಕ ನಮ್ಮ ಜೊತೆಗಿದ್ದಾಳೆ. ನಮ್ಮ ಕಡೆ ಗುಡುಗು ಕೇಳಿದರೆ ಟಿವಿ, ಫ್ರಿಜ್ಜು, ಮಿಕ್ಸಿ ಎಲ್ಲದರ ಪ್ಲಗ್ಗನ್ನೂ ಕಿತ್ತಿಡುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಅಕ್ಕ ಮಾತ್ರ ಮೋಡ ಕಂಡರೇ ಕೀಳುತ್ತಾಳೆ. ಕಿತ್ತು, ದೇವರ ಕೋಣೆಯಲ್ಲಿ ಕೂತು, ಎರಡೂ ಕಿವಿ ಮುಚ್ಚಿಕೊಳ್ಳುತ್ತಾಳೆ.

ಹನ್ನೊಂದನೆಯ ದಿನ ಸಂಜೆ, ಮಳೆಗಾಲ ಮುಗಿಯುವ ಹೊತ್ತಿನ ಗುಡುಗು. ನಾನು ಕಾಲೇಜಿನಿಂದ ಬಂದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ‘ಹೆದರ್ಬೇಡ ಮಾರಾಯ, ನಿನ್ ಕಂಪ್ಯೂಟ್ರ್ ಉಳೀತ್. ಪ್ಲಗ್ ತೆಗ್ದ್ರೂ ಆ ಕರಿ ಪೆಟ್ಗಿ ಕುಂಯ್ ಕುಂಯ್ ಅಂತಿತ್ತ್. ಒಳ್ಗ್ ಸಿಡ್ಲ್ ಹೊಕ್ಕಿತ್ ಅಂದೇಳಿ ಅದನ್ನೂ ಒತ್ತಿ ಬಂದ್ ಮಾಡ್ದೆ.’ ಯುಪಿಎಸ್ಸೂ ಆರಿ, ಯಂತ್ರ ಕರ್ರಗೆ ಕೂತಿತ್ತು. ನಾನು ಕಿರುಚಿದೆ. ‘ಮುಟ್ಬೇಡ ಅಂದೇಳಿ ಎಷ್ಟ್ ಸಲ ಹೇಳಿದ್ದೆ ನಿಂಗ್? ಗುರುಗಳಿಗ್ ಕೊಟ್ಟ್ ಮಾತ್ ಹಾಳ್ ಮಾಡ್ದೆ!’ ನನ್ನನ್ನು ಎತ್ತಿ ಆಡಿಸಿದ ಅಕ್ಕನಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು. ಅವಳು ಒಳಗೆ ಹೋದಳು. ಆ ದಿನ ಸಾರಿಗೆ ಉಪ್ಪೇ ಇರಲಿಲ್ಲ. ನಾವು ಮೂವರೂ ಹಾಗೇ ಉಂಡೆವು.

ಮರುದಿನ ಯಂತ್ರ ಹಚ್ಚಿದೆ. ನಿಲ್ಲುವವರೆಗೆ ಅದು ಬರೆದಿಟ್ಟ ಅಂಕಿಗಳ ಪಟ್ಟಿ ಉಳಿದಿತ್ತು. ಕೂತು ಓದಿದೆ. ಮೂರನೆಯ ದಿನದಿಂದಲೇ ಲೆಕ್ಕ ಎರಡು ಅಂಕಿಗಳ ನಡುವೆ ಜೋಕಾಲಿಯಾಡುತ್ತಿತ್ತು. ಉಪ್ಪು ಹೆಚ್ಚಾಯಿತೆಂದು ನೀರು, ನೀರು ಹೆಚ್ಚಾಯಿತೆಂದು ಉಪ್ಪು, ಎಂಟು ದಿನ! ಕಾರಣ ಹುಡುಕಿದೆ. ಶುರುವಿನಲ್ಲಿ ಅಣುಗಳನ್ನು ಜೋಡಿಸುವಾಗ ನಾನೇ ಒಂದು ಹೈಡ್ರೋಜನ್ನನ್ನು ತಪ್ಪು ಜಾಗದಲ್ಲಿ ಕೂರಿಸಿದ್ದೆ. ಅದು ತನ್ನ ಮನೆ ಬಿಟ್ಟು ಪಕ್ಕದ ಅಣುವಿನ ತೊಡೆಯ ಮೇಲಿತ್ತು. ಅಕ್ಕ ಪ್ಲಗ್ಗು ಕೀಳದಿದ್ದರೂ ಆ ಲೆಕ್ಕ ಕಲ್ಪಾಂತದವರೆಗೆ ಮುಗಿಯುತ್ತಿರಲಿಲ್ಲ. ದಿನಾ ಬಂದು ಪರದೆಯ ಮೇಲೆ ಅಂಕಿಗಳು ಓಡುವುದನ್ನು ಹೆಮ್ಮೆಯಿಂದ ನೋಡಿದ್ದೇನೆ. ಒಂದು ದಿನವೂ ಓದಿರಲಿಲ್ಲ.

ಆ ಕ್ಷಣವೇ ಒಳಗೆ ಹೋಗಿ ಅಕ್ಕನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಸಂಪಾದಕರಿಗೆ ‘ಸಿಡಿಲಿನಿಂದಾಗಿ’ ಎಂದು ಬರೆದೆ. ಪ್ರಕೃತಿಯ ಮುಂದೆ ಯಾರೇನು ಮಾಡಲಾದೀತು ಎಂದು ಅವರು ಮರುಗಿ ಉತ್ತರಿಸಿದರು. ಸಹೋದ್ಯೋಗಿಗಳಿಗೆ ‘ಮನೆಯವರು ಪ್ಲಗ್ ಕಿತ್ತರು’ ಎಂದೆ. ಅವರು ಚಹಾ ಕೊಡಿಸಿದರು. ವಿಶೇಷ ಸಂಚಿಕೆ ನನ್ನ ಹೆಸರಿಲ್ಲದೆ ಅಚ್ಚಿಗೆ ಹೋಯಿತು. ಅಕ್ಕ ನನ್ನ ಬಟ್ಟಲಿಗೆ ಬಡಿಸುವಾಗ ಮುಖ ನೋಡುತ್ತಿರಲಿಲ್ಲ. ನನಗೂ ಅದೇ ಅನುಕೂಲವಾಗಿತ್ತು.

ಮೂರು ವಾರ ಕಳೆದು ಮತ್ತೊಂದು ಸಂಜೆ ಗುಡುಗಿತು. ಮನೆಗೆ ಬಂದರೆ ದೇವರ ಕೋಣೆಯಲ್ಲಿ ಅಕ್ಕ ಇಲ್ಲ. ಚಾವಡಿಯ ಮೂಲೆಯಲ್ಲಿ, ಕಂಪ್ಯೂಟರಿನ ಪಕ್ಕ, ಸ್ಟೂಲಿನ ಮೇಲೆ ಕೂತಿದ್ದಳು. ಕಿವಿ ಮುಚ್ಚಿಕೊಂಡಿರಲಿಲ್ಲ. ‘ತೆಗಿಲಿಲ್ಲ, ಕಾಣ್’ ಎಂದಳು. ‘ಈ ಸಲ ಎಂತ ಆರೂ ಆಯ್ಲಿ ಅಂದೇಳಿ ಇಲ್ಲೇ ಕೂಕಂಡಿದ್ದೆ.’ ಪ್ಲಗ್ಗು ಗೋಡೆಯಲ್ಲೇ ಇತ್ತು. ಕಂಪ್ಯೂಟರಿನಲ್ಲಿ ಅಂದು ಯಾವ ಲೆಕ್ಕವೂ ಓಡುತ್ತಿರಲಿಲ್ಲ. ಅದನ್ನು ನಾನು ಹಚ್ಚಿಯೇ ಇರಲಿಲ್ಲ.

ಪ್ಲಗ್ಗನ್ನು ನಾನೇ ಕಿತ್ತು, ಅವಳ ಎದುರು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಹದಿನಾರು ನೀರು, ಸಾರಿನ ಉಪ್ಪು, ತಪ್ಪಿ ಕೂತ ಹೈಡ್ರೋಜನ್ನು, ಎಲ್ಲ. ಅಕ್ಕ ಪೂರ್ತಿ ಕೇಳಿ, ‘ಹಂಗಾರೆ ಆ ಎರಡ್ ನಂಬ್ರ ತಪ್ಪಾ?’ ಎಂದಳು. ‘ಧೂಳ್ ಒರ್ಸುವತಿಗೆ ದಿನಾ ಕಾಂತಿದ್ದೆ. ನಂಬ್ರದ ಕಡಿಗ್ ಒಂದ್ಸಲ ಎಪ್ಪತ್ತೊಂದ್, ಮತ್ತೊಂದ್ಸಲ ಮೂವತ್ತಾರ್. ಮತ್ತೆ ಅದೇ. ಎಂತಕ್ ಹೀಂಗೆ ಅಂದೇಳಿ ಕೇಂಬ ಅಂತಿದ್ದೆ. ನೀ ಮುಟ್ಬೇಡ ಅಂದಿದ್ಯಲೆ, ಕೇಂಬುಕೂ ಹೆದ್ರಿಕಿ ಆಯ್ತ್.’

ಗುರುಗಳು ಹೇಳಿದ ಹಾಗೆ ಆ ಲೆಕ್ಕವನ್ನು ದಿನಾ ನೋಡಿದವರು ಮನೆಯಲ್ಲಿ ಒಬ್ಬರಿದ್ದರು ಎಂದಾಯಿತು. ನನ್ನನ್ನು ಕೇಳಲು ಹೆದರಿದ್ದರು, ಅಷ್ಟೆ.

ಮರುದಿನ ಬೆಳಿಗ್ಗೆ ಅಕ್ಕ ಬಸ್ಸು ಹತ್ತಿ ಕುಂಭಾಶಿಯ ಗಣಪತಿ ದೇವಸ್ಥಾನಕ್ಕೆ ಹೋದಳು. ಮಧ್ಯಾಹ್ನ ಬಂದು ಬಾಳೆಲೆಯ ತುಂಡಿನಲ್ಲಿ ಪ್ರಸಾದದ ಪಂಚಕಜ್ಜಾಯ ಕೊಟ್ಟಳು. ಹರಕೆಯಂತೆ. ‘ಲೆಕ್ಕ ಸರಿ ಆಯ್ಲಿಲ್ಲ ಅಲ್ದಾ ಅಕ್ಕ, ಮತ್ತೆಂತ ಹರ್ಕಿ?’ ಎಂದೆ. ‘ಲೆಕ್ಕಕ್ಕಲ್ಲ ಮಾರಾಯ. ಅದ್ ಹಾಳಾದ್ದ್ ನನ್ ಕೈಯಾಗ್ ಅಲ್ಲ ಅಂದೇಳಿ ಆದ್ರೆ ಸಾಕ್ ಅಂದೇಳಿ ಗಣಪತಿಗ್ ಹೇಳ್ಕಂಡಿದ್ದೆ’ ಎಂದು, ಮೂರು ವಾರದ ಮೇಲೆ ಮೊದಲ ಸಲ ನನ್ನ ಮುಖ ನೋಡಿದಳು.

ಪಂಚಕಜ್ಜಾಯವನ್ನು ಎರಡು ಸಲ ಕೇಳಿ ತಿಂದೆ. ಇಷ್ಟು ವರ್ಷದ ನನ್ನ ಸಂಶೋಧನೆಯಿಂದ ಒಬ್ಬರಿಗಾದರೂ ನೆಮ್ಮದಿ ಕೊಟ್ಟ ಫಲಿತಾಂಶವೆಂದರೆ ಅದೊಂದೇ: ತಪ್ಪು ಅಕ್ಕನದಲ್ಲ. ಅದನ್ನೂ ನಾನು ಮೂರು ವಾರ ಪ್ರಕಟಿಸದೆ ಇಟ್ಟುಕೊಂಡಿದ್ದೆ.