ಸಿ.ಡಿ.ಯೊಳಗಿನ ಪಾರ್ಕು

ನಮ್ಮ ಬಡಾವಣೆಯಲ್ಲಿ ಒಂದು ಕೆಲಸವೂ ನೇರವಾಗಿ ಆಗಿದ್ದನ್ನು ನಾನು ಕಂಡಿಲ್ಲ. ನೀರಿನ ಪೈಪು ಹುಡುಕಿ ಅಗೆದರೆ ಚರಂಡಿ ಸಿಗುತ್ತದೆ. ಚರಂಡಿ ಹುಡುಕಿ ಅಗೆದರೆ ಏನೂ ಸಿಗುವುದಿಲ್ಲ. ಪಾರ್ಕಿನ ವಿಷಯವೂ ಹಾಗೇ ಆಯಿತು.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಂಡಿದ್ದು ನಿವೃತ್ತನಾದವನು. ಮನೆ ಬಾಗಲಗುಂಟೆ ಕಡೆ. ಮಾತು ಕಡಿಮೆ. ಆ ಕೊರತೆಯನ್ನು ಮನೆಯವಳು ತುಂಬಿಕೊಡುತ್ತಾಳೆ. ನಮ್ಮ ರಸ್ತೆಯ ಕೊನೆಗೆ ಒಂದು ಖಾಲಿ ಜಾಗವಿದೆ. ಒಂದು ಹೊಂಗೆ ಮರ, ಅದರ ಬುಡದಲ್ಲಿ ಕಲ್ಲುಬೆಂಚು. ಬೆಳಿಗ್ಗೆ ಹೆಂಗಸರು ಅಲ್ಲಿ ನಡೆಯುತ್ತಾರೆ. ಮಧ್ಯಾಹ್ನ ಮಕ್ಕಳು ಕ್ರಿಕೆಟ್ ಆಡುತ್ತಾರೆ. ಸಂಜೆ ನಾವು ಕೆಲವು ಮುದುಕರು ಕೂರುತ್ತೇವೆ. ಮಾತಾಡುವುದಿಲ್ಲ. ಮನೆಯಲ್ಲಿ ಕೇಳಿಸಿಕೊಂಡದ್ದನ್ನು ಇಳಿಸಿಕೊಳ್ಳುತ್ತೇವೆ.

ಆ ಜಾಗ, ಈ ಬಡಾವಣೆ, ಎಲ್ಲವೂ ಒಂದು ಕಾಲಕ್ಕೆ ಒಬ್ಬರದೇ ರಾಗಿ ಹೊಲ. ಅವರನ್ನು ಊರೆಲ್ಲ ಯಜಮಾನರು ಎನ್ನುತ್ತದೆ. ಖಾಲಿ ಜಾಗದ ಆಚೆ ಬದಿಗೆ ಅವರ ಮನೆ. ಈ ವರ್ಷ ಅವರು ಅಲ್ಲಿ ಕೆಲಸದ ಹುಡುಗರು ಬಾಡಿಗೆಗಿರಲು ಪಿ.ಜಿ. ಕಟ್ಟುತ್ತೇನೆ ಎಂದರು. ನಾವೆಲ್ಲ ಹೋಗಿ ಎದುರು ನಿಂತೆವು.

“ಅದು ಪಾರ್ಕಿಗೆ ಬಿಟ್ಟ ಜಾಗ ಅಲ್ವಾ ಯಜಮಾನ್ರೇ?” ಎಂದರು ಸಂಘದ ಅಧ್ಯಕ್ಷರು. ಅವರು ಬ್ಯಾಂಕಿನಿಂದ ನಿವೃತ್ತರಾದವರು.

“ಅಂಗಂತ ಯಾರು ಏಳಿದ್ರು?”

“ನೀವೇ. ಸೈಟ್ ಕೊಡುವಾಗ ಒಂದು ಸಿ.ಡಿ. ಕೊಟ್ಟಿರಿ. ಅದರಲ್ಲಿ ಪಾರ್ಕ್ ಇತ್ತು.”

ನಿಜ, ಸಿ.ಡಿ. ಕೊಟ್ಟಿದ್ದರು. ಆಗ ಬಡಾವಣೆಗೊಂದು ವೆಬ್‌ಸೈಟ್ ಇತ್ತು. ಆ ಕಾಲದಲ್ಲಿ ಯಾವ ವೆಬ್‌ಸೈಟ್ ತೆರೆದರೂ ಮೊದಲು ಒಂದು ಬೊಂಬೆಯಾಟ ಓಡುತ್ತಿತ್ತು. ಸೂರ್ಯ ಹುಟ್ಟುತ್ತಿದ್ದ, ಹಕ್ಕಿ ಹಾರುತ್ತಿತ್ತು, ಆಮೇಲೆ ವಿಷಯ. ಅದನ್ನೇ ಸಿ.ಡಿ.ಗೆ ಹಾಕಿಸಿ, ಸೈಟು ಕೊಂಡವರಿಗೆಲ್ಲ ತೆಂಗಿನಕಾಯಿ ತಾಂಬೂಲದ ಜತೆ ಕೊಟ್ಟಿದ್ದರು.

ಯಜಮಾನರು ಮೀಸೆ ನೀವಿಕೊಂಡರು. “ನಾನು ಕಂಪ್ಯೂಟರ್ ನೋಡ್ದೋನಲ್ಲ. ಯಾರೋ ಮಾಡ್ಕೊಟ್ರು, ಅಂಚ್ದೆ. ಆದ್ರೆ ನನ್ನ ಎಸ್ರಲ್ಲಿ ತೋರ್ಸಿದ್ರೆ ಅದು ನನ್ನ ಮಾತು. ನಂಗೆ ತೋರ್ಸಿ, ಜಾಗ ಬಿಟ್ಕೊಡ್ತೀನಿ. ಅಮಾಸೆ ಕಳೀತಿದ್ದಂಗೆ ಜೆಸಿಬಿ ಬತ್ತದೆ. ಅಷ್ಟ್ರೊಳ್ಗೆ ತೋರ್ಸಿ.”

ಕಾಗದಪತ್ರ ತೆಗೆಸೋಣ ಎಂದರು ಯಾರೋ. ನಮ್ಮದು ಮಂಜೂರಾತಿಯಿಲ್ಲದೆ, ಮಾತಿನ ಮೇಲೆ ಎದ್ದ ಬಡಾವಣೆ. ಕಾಗದ ಕೆದಕಿದರೆ ಪಾರ್ಕಿನ ಜತೆ ಮನೆಗಳೂ ಹೋದಾವು. ಆ ಮಾತನ್ನು ಅಲ್ಲಿಗೇ ಬಿಟ್ಟೆವು.

ಮನೆಗೆ ಬಂದು ವಿಷಯ ಹೇಳಿದೆ.

“ಅದರಲ್ಲಿ ಎರಡು ಹಂಸ ಇದ್ವು ಕಣ್ರೀ” ಎಂದಳು ಮನೆಯವಳು. “ಎಷ್ಟು ಚೆನ್ನಾಗಿ ಕತ್ತು ಬಳುಕಿಸ್ತಿದ್ವು.”

“ಪಾರ್ಕು?”

“ಅದು ನೆನಪಿಲ್ಲ. ಹಂಸ ಇದ್ವು.”

೧. ಪಾರಿವಾಳ

ಮನೆಗೊಂದು ಸಿ.ಡಿ. ಬಂದಿತ್ತು. ಒಂದೇ ಒಂದು ಸಿಕ್ಕರೆ ಸಾಕು. ಸಂಘದ ಕಾರ್ಯದರ್ಶಿಯೂ ನಾನೂ ಹೊರಟೆವು. ಕಾರ್ಯದರ್ಶಿ ವಿಜಯಪುರದ ಕಡೆಯವರು, ಕಾಲೇಜಿನಲ್ಲಿ ಗುಮಾಸ್ತರು. ನಾನಾಡದ ಮಾತನ್ನೂ ಅವರೇ ಆಡುತ್ತಿದ್ದರು.

ಮೊದಲ ಮನೆಯಾಕೆ ಬಾಲ್ಕನಿ ತೋರಿಸಿದರು. ಸಿ.ಡಿ. ದಾರದಲ್ಲಿ ನೇತಾಡುತ್ತಿತ್ತು. ಪಾರಿವಾಳ ಹೆದರಲಿ ಎಂದು ಕಟ್ಟಿದ್ದಂತೆ. ಬಿಸಿಲಿಗೂ ಮಳೆಗೂ ಬಣ್ಣ ಹೋಗಿ, ಅದರ ಮೂಲಕ ಎದುರು ಮನೆ ಕಾಣುತ್ತಿತ್ತು. ಎದುರು ಮನೆಯ ಬಾಲ್ಕನಿಯಲ್ಲೂ ಒಂದು ನೇತಾಡುತ್ತಿತ್ತು. ಅದರ ಪಕ್ಕದಲ್ಲಿ ಇನ್ನೊಂದು. ಒಬ್ಬರು ಮಾತ್ರ ಹಾಗೆ ಮಾಡಿರಲಿಲ್ಲ. ಸ್ಕೂಟರಿನ ಹಿಂದೆ ಕಟ್ಟಿದ್ದರು, ಇರುಳಲ್ಲಿ ಮಿಂಚಲಿ ಎಂದು.

ರಸ್ತೆಯ ಕೊನೆಯ ಮನೆಯಲ್ಲಿ ಒಂದು ಪಾರಿವಾಳ ಅರ್ಧ ಬಣ್ಣ ಹೋದ ಸಿ.ಡಿ.ಯ ಮುಂದೆಯೇ ಕೂತು, ಉಳಿದ ಹೊಳಪಿನಲ್ಲಿ ಮುಖ ನೋಡಿಕೊಂಡು ರೆಕ್ಕೆ ಸರಿಪಡಿಸಿಕೊಳ್ಳುತ್ತಿತ್ತು.

“ಇದಕ್ಕರೆ ಉಪಯೋಗಕ್ಕ ಬಂತು ನೋಡ್ರಿ” ಎಂದರು ಕಾರ್ಯದರ್ಶಿ. “ನಿಮ್ಮನಿದು ಎಲ್ಲೈತ್ರಿ ಸರ?”

“ಬಾಲ್ಕನಿಯಲ್ಲಿ” ಎಂದೆ.

ಶುಕ್ರವಾರ ಮನೆಯವಳು ಅರಿಶಿನ ಕುಂಕುಮಕ್ಕೆಂದು ಯಜಮಾನರ ಮನೆಗೆ ಹೋದಳು. ಬರುವಾಗ ಎಲೆ ಅಡಿಕೆ ಬಾಳೆಹಣ್ಣಿನ ಕೆಳಗೆ ಒಂದು ಸಿ.ಡಿ. ಇತ್ತು. ಒಂದು ಗೀರೂ ಬಿದ್ದಿರಲಿಲ್ಲ.

“ದೇವರ ಮನೇಲಿತ್ತು ಕಣ್ರೀ. ಮಾಡಿಸಿದಾಗ ಮೊದಲನೇದು ಅಂತ ಪೂಜೆಗೆ ಇಟ್ಟರಂತೆ. ಅಲ್ಲೇ ಉಳೀತಂತೆ. ನೋಡಿ ಕೊಡ್ತೀನಿ ಅಂದೆ. ಅವರ ಮನೆಯವರು ತೆಗೆದೇ ಕೊಟ್ಟರು.”

ನಾವು ಊರೆಲ್ಲ ಹುಡುಕಿದ ಸಾಕ್ಷಿಗೆ ಯಜಮಾನರು ಇಷ್ಟು ವರ್ಷ ದಿನಾ ತಾವೇ ಊದುಬತ್ತಿ ಬೆಳಗಿದ್ದರು.

೨. ಕುಂಕುಮ

ಸಿ.ಡಿ. ಸಿಕ್ಕಿತು. ಹಾಕಲು ಬಾಯಿಲ್ಲ. ಈಗಿನ ಕಂಪ್ಯೂಟರುಗಳಲ್ಲಿ ಸಿ.ಡಿ. ಇಡುವ ತಟ್ಟೆಯೇ ಇಲ್ಲವಂತೆ. ಬಾಗಲಗುಂಟೆಯಲ್ಲಿ ಕೇಳಿದೆವು, ದಾಸರಹಳ್ಳಿಯಲ್ಲಿ ಕೇಳಿದೆವು. ಆರ್.ಟಿ. ನಗರದಲ್ಲಿ ಒಬ್ಬ ಹಳೆ ಕಂಪ್ಯೂಟರ್ ರಿಪೇರಿಯವನಿದ್ದಾನೆ ಎಂದರು. ಬಸ್ಸು ಹತ್ತಿದೆವು.

ಅಂಗಡಿ ಒಂದು ಕೋಣೆ. ಅಂಗಡಿಯವನು ಸಿ.ಡಿ. ತಿರುಗಿಸಿ ನೋಡಿದ. ಹೊಳೆಯುವ ಬದಿಯಲ್ಲಿ ಅರಿಶಿನ, ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ.

“ಏನ್ ಅಂಕಲ್ ಇದು?”

“ಸಿ.ಡಿ.” ಎಂದೆ.

“ಅದು ಗೊತ್ತು. ಎಲ್ರೂ ಗೀಚಿರೋದು ತರ್ತಾರೆ. ಪೂಜೆ ಮಾಡಿರೋದು ಇದೇ ಫಸ್ಟು.”

ಅವನ ಟೀ ಲೋಟ ಒಂದು ಕಂಪ್ಯೂಟರ್ ಪೆಟ್ಟಿಗೆಯ ಮೇಲಿತ್ತು. ಲೋಟ ಇಳಿಸಿದ, ಪೆಟ್ಟಿಗೆ ಎತ್ತಿ ಧೂಳು ಕೊಡವಿದ. ಅದರಲ್ಲಿ ತಟ್ಟೆ ಇತ್ತು. ಒತ್ತಿದರೆ ಹೊರಗೆ ಬರಲಿಲ್ಲ. ಪಕ್ಕಕ್ಕೆ ಒಂದು ಗುದ್ದು ಕೊಟ್ಟ, ಬಂತು. ಒದ್ದೆ ಬಟ್ಟೆಯಲ್ಲಿ ಸಿ.ಡಿ. ಒರೆಸಿ ಒಳಗಿಟ್ಟ. ಪೆಟ್ಟಿಗೆ ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡಿತು. ಮತ್ತೆ ಒರೆಸಿದ, ಮತ್ತೆ ಇಟ್ಟ. ಹಲವು ಸಲ ಹೀಗಾಯಿತು.

ಕಾರ್ಯದರ್ಶಿ ಹೇಳಿದರು, “ಪೂರಾ ಒರಸಬ್ಯಾಡ್ರಿ. ಒಂಚೂರು ಕುಂಕುಮ ಇರ್ಲಿ.”

ಅಂಗಡಿಯವನು ನಕ್ಕ. ನಡುವಿನ ತೂತಿನ ಸುತ್ತ ಒಂದು ಬೊಟ್ಟು ಉಳಿಸಿ ಇಟ್ಟ. ಈ ಸಲ ಓದಿತು. ಫೈಲು ಪೆನ್‌ಡ್ರೈವಿಗೆ ಬಂತು.

ಈಗ ಅವನು ನಗಲಿಲ್ಲ. ತಟ್ಟೆಗೆ ಹತ್ತಿದ್ದ ಕುಂಕುಮವನ್ನು ಬೆರಳಲ್ಲಿ ತೆಗೆದು, ರಿಪೇರಿಗೆ ಬಂದು ಕೂತಿದ್ದ ಲ್ಯಾಪ್‌ಟಾಪುಗಳಿಗೆಲ್ಲ ಒಂದೊಂದು ಬೊಟ್ಟು ಇಡುತ್ತಾ ಹೋದ.

೩. ಗ್ರೂಪು

ಕಾರ್ಯದರ್ಶಿ ಫೈಲನ್ನು ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಹಾಕಿದರು. ‘ಯಾರಾದರೂ ಇದನ್ನು ತೆರೆಯಲು ಪ್ರಯತ್ನಿಸಿ’ ಎಂದು ಬರೆದರು.

ಹೆಬ್ಬೆರಳುಗಳು ಬಂದವು. ಮುಗಿದ ಕೈಗಳು ಬಂದವು. ‘ಸೂಪರ್ ಸರ್.’ ‘ಅರ್ಥಪೂರ್ಣ ಸಂದೇಶ.’ ‘ಎಲ್ಲರೂ ತಮ್ಮ ಮಕ್ಕಳಿಗೆ ತೋರಿಸಬೇಕು.’ ಮಕ್ಕಳಿಗೆ ತೋರಿಸಬೇಕು ಎಂದವರು ನಮ್ಮ ಬೆಂಚಿನವರೇ. ಸಂಜೆ ಕೇಳಿದೆ.

“ಏನಿತ್ತು ಅದರಲ್ಲಿ?”

“ಓಪನ್ ಆಗ್ಲಿಲ್ಲ ಕಣ್ರೀ. ನೀವೆಲ್ಲ ಸೇರಿ ಹಾಕಿದ್ದು ಅಂದ್ಮೇಲೆ ಚೆನ್ನಾಗೇ ಇರುತ್ತೆ ಬಿಡಿ.”

ನಮ್ಮ ಮಹಡಿಯಲ್ಲಿ ಬಾಡಿಗೆಗೆ ಒಬ್ಬ ಹೆಣ್ಣುಮಗಳಿದ್ದಾಳೆ. ಯಲಹಂಕದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಅವಳು ನೋಡಿ ಹೇಳಿದಳು.

“ಫೈಲ್ ಸರಿಯಾಗೇ ಇದೆ ಅಂಕಲ್. ಇದನ್ನ ಓಡಿಸೋ ಸಾಫ್ಟ್‌ವೇರ್ ಹೆಸರು ಫ್ಲ್ಯಾಶ್. ಅದನ್ನ ಮಾಡ್ದೋರೇ ನಿಲ್ಲಿಸಿಬಿಟ್ರು. ಈಗ ಯಾವ ಬ್ರೌಸರೂ ಅದನ್ನ ಒಳಗೆ ಬಿಟ್ಕೊಳ್ಳಲ್ಲ. ಬೇರೆ ದಾರಿ ಹುಡುಕ್ತೀನಿ.”

ಕಾರ್ಯದರ್ಶಿ ಇದನ್ನು ಗೌರವದ ಭಾಷೆಯಲ್ಲಿ ಗ್ರೂಪಿಗೆ ತಿಳಿಸಿದರು. ‘ಫ್ಲ್ಯಾಶ್ ಈಗ ಇಲ್ಲ. ಹೋಗಿ ಕೆಲವು ವರ್ಷಗಳಾದವು. ವಿಷಯ ನಮಗೆ ತಡವಾಗಿ ತಿಳಿಯಿತು.’

ಮೊದಲು ಒಂದು ‘ಓಂ ಶಾಂತಿ’ ಬಂತು. ಮೊದಲನೆಯದು ಬಂದ ಮೇಲೆ ಯಾರೂ ಮೇಲಿನದನ್ನು ಓದುವುದಿಲ್ಲ. ಸಾಲಾಗಿ ಬಂದವು. ದೀಪದ ಚಿತ್ರ ಬಂತು. ಕುಟುಂಬಕ್ಕೆ ದುಃಖ ಭರಿಸುವ ಶಕ್ತಿ ಸಿಗಲಿ ಎಂದರು. ಒಬ್ಬರಂತೂ ಉದ್ದಕ್ಕೆ ಬರೆದಿದ್ದರು. ‘ನಂಬಲಾಗುತ್ತಿಲ್ಲ. ಹೋದ ವಾರ ಹೆಬ್ಬಾಳದ ಬಸ್ಸಿನಲ್ಲಿ ಸಿಕ್ಕಿದ್ದರು. ಚೆನ್ನಾಗಿಯೇ ಇದ್ದರು.’

೪. ಚಾಳಿ

ಅಮಾವಾಸ್ಯೆಯ ದಿನ ಬಂತು. ಮಧ್ಯಾಹ್ನ ಮಹಡಿಯ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಇಳಿದಳು. ಹಳೆಯ ಬೊಂಬೆಯಾಟಗಳ ಹುಚ್ಚಿರುವವರು ಜಗತ್ತಿನಲ್ಲಿ ಬೇಕಾದಷ್ಟು ಇದ್ದಾರಂತೆ. ಅವರೇ ಸೇರಿ ಅವನ್ನು ಓಡಿಸಲು ಬೇರೊಂದು ಪ್ರೋಗ್ರಾಂ ಬರೆದು ಪುಕ್ಕಟೆ ಹಂಚುತ್ತಾರಂತೆ. ಕೆಲಸವಿಲ್ಲದವರಿಂದಲೂ ಲೋಕ ನಡೆಯುತ್ತದೆ.

ನಮ್ಮ ನಡುಮನೆಯಲ್ಲಿ ಸೇರಿದೆವು. ಅಧ್ಯಕ್ಷರು ಮುಂದೆ ಕೂತರು. ಒಂದು ಗೆರೆ ಎಡದಿಂದ ಬಲಕ್ಕೆ ತುಂಬತೊಡಗಿತು. ಇನ್ನೇನು ತುಂಬಿತು ಎನ್ನುವಾಗ ನಿಂತಿತು.

“ಆಗಲೂ ಹೀಗೇ” ಎಂದರು ಅಧ್ಯಕ್ಷರು ಸಂತೋಷದಿಂದ. “ಇಷ್ಟರಲ್ಲಿ ಕಾಫಿ ಕುಡಿದು ಬರ್ತಿದ್ವಿ.”

ಮನೆಯವಳು ಕಾಫಿಗೆ ಎದ್ದಳು. ಅಷ್ಟರಲ್ಲಿ ವೀಣೆಯ ಸದ್ದು. ಸೂರ್ಯ ಹುಟ್ಟಿದ. ಹಕ್ಕಿ ಹಾರಿತು. ಮೂಲೆಯಲ್ಲಿ ಸ್ಕಿಪ್ ಎಂಬ ಸಣ್ಣ ಗುಂಡಿ ಮೂಡಿತು. ಅಧ್ಯಕ್ಷರ ಕೈ ತಾನಾಗಿ ಹೋಗಿ ಅದನ್ನು ಒತ್ತಿತು. ಸೂರ್ಯ, ಹಕ್ಕಿ ಎಲ್ಲ ಹೋಗಿ ಒಂದು ಫೋನ್ ನಂಬರ್ ನಿಂತಿತು.

“ಏನ್ ಮಾಡಿದ್ರಿ ಸರ!” ಎಂದರು ಕಾರ್ಯದರ್ಶಿ.

“ಚಾಳಿ ಕಣ್ರೀ. ಆಗ ಕಂಡಲ್ಲೆಲ್ಲ ಒತ್ತಿಬಿಡ್ತಿದ್ದೆ.”

“ಅಂದ್ರ ನೀವು ಇದನ್ನ ಪೂರಾ ನೋಡೇ ಇಲ್ಲ?”

“ಇಲ್ಲ. ನೀವು?”

“ನಾನೂ ಒತ್ತೀನ್ರಿ.”

ಇಬ್ಬರೂ ನನ್ನ ಕಡೆ ನೋಡಿದರು. ನಾನು ಗೋಡೆ ನೋಡಿದೆ.

ಪಾರ್ಕು ಇತ್ತು ಎಂದು ಬಡಾವಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕಂಡೆ ಎನ್ನುವವರು ಒಬ್ಬರೂ ಇರಲಿಲ್ಲ. ನನ್ನ ಬೆಂಚು ನಡುಗಿದ ಹಾಗಾಯಿತು.

ಮತ್ತೆ ಮೊದಲಿಂದ ಹಾಕಲು ಹುಡುಗಿ ಕೈಯಿಟ್ಟಳು. ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಬಹಳ ದಿನವಾಗಿತ್ತಂತೆ. ಅದೂ ಹೋಯಿತು. ರಸ್ತೆಯಲ್ಲಿ ಹೋಗುತ್ತಾ ವೀಣೆ ಕೇಳಿಸಿಕೊಂಡ ಯಜಮಾನರು ಬಾಗಿಲಲ್ಲಿದ್ದರು.

“ಸಿಕ್ತಾ? ಒಳ್ಳೇದಾತು. ಸಂಜೆ ಆ ಜಾಗದಲ್ಲೇ ಎಲ್ರು ಮುಂದೆ ಆಕಿ. ಇದ್ರೆ ಅದೆ, ಇಲ್ದಿದ್ರೆ ಬೆಳಿಗ್ಗೆ ಜೆಸಿಬಿ.”

ಮನೆಯವಳು ಕಾಫಿ ತಟ್ಟೆ ಹಿಡಿದು ಬಂದಳು. ಎಲ್ಲರ ಮುಖ ನೋಡಿದಳು.

“ಹಂಸ ಬಂದು ಹೋಯ್ತಾ?”

೫. ಹಂಸ

ಕತ್ತಲಾಗುವ ಹೊತ್ತಿಗೆ ಕರೆಂಟು ಬಂತು. ಹೊಂಗೆ ಮರದ ಚಾಚಿದ ಕೊಂಬೆಗೆ, ಬೆಂಚಿಗೆ ಎದುರಾಗಿ, ನಮ್ಮ ಮನೆಯ ಬಿಳಿ ಹಾಸುಬಟ್ಟೆ ಕಟ್ಟಿದೆವು. ಹುಡುಗಿ ಕಾಲೇಜಿನ ಪ್ರೊಜೆಕ್ಟರ್ ತರಿಸಿದ್ದಳು. ಮುಂದಿನ ಕುರ್ಚಿ ಯಜಮಾನರಿಗೆ. ಅಧ್ಯಕ್ಷರನ್ನು ಕೊನೆಯ ಸಾಲಿಗೆ ಕೂರಿಸಿ, ಕಾರ್ಯದರ್ಶಿ ಪಕ್ಕದಲ್ಲಿ ಕೂತು ಅವರ ಬಲಗೈ ಹಿಡಿದುಕೊಂಡರು.

ಗೆರೆ ತುಂಬಿತು. ನಿಂತಿತು. ವೀಣೆ. ಸೂರ್ಯ. ಹಕ್ಕಿ. ನೆಲದಿಂದ ಮನೆಗಳು ಅಣಬೆಯ ಹಾಗೆ ಎದ್ದವು. ಹಕ್ಕಿ ನಮ್ಮ ರಸ್ತೆಗುಂಟ ಹಾರಿತು. ಕೊನೆಗೆ ಒಂದು ಹೊಂಗೆ ಮರ, ಬೆಂಚು, ಉಯ್ಯಾಲೆ. ಮೇಲೊಂದು ಬೋರ್ಡು. ಪಾರ್ಕ್.

ಸಿಕ್ಸರ್ ಹೊಡೆದ ಹಾಗೆ ಕೂಗಿದರು ಜನ. ಕಾರ್ಯದರ್ಶಿ ಅಧ್ಯಕ್ಷರ ಕೈ ಬಿಟ್ಟು ಅವರನ್ನೇ ತಬ್ಬಿದರು. ನಾನು ಬೆಂಚಿನ ಮೇಲೆ ಸ್ವಲ್ಪ ಹಿಂದಕ್ಕೆ ಒರಗಿದೆ.

ಯಜಮಾನರು ಎದ್ದರು. “ತೋರ್ಸಿದೀನಿ. ಮಾತು ಅಂದ್ರೆ ಮಾತು. ಜಾಗ ನಿಮ್ದು.”

“ಸದ್ಯ” ಎಂದರು ಅವರ ಮನೆಯವರು. “ಬಾಗ್ಲು ತೆಗೆದ್ರೆ ಪಿ.ಜಿ. ಉಡುಗ್ರು ಚಡ್ಡಿ ಒಣಾಕಿರೋದು ನೋಡೋದು ತಪ್ತು.”

ಆದರೆ ಬೊಂಬೆಯಾಟ ಮುಗಿದಿರಲಿಲ್ಲ. ಈ ಸಲ ಸ್ಕಿಪ್ ಒತ್ತುವವರೂ ಇರಲಿಲ್ಲ. ಹಕ್ಕಿ ತಿರುಗಿ ಬಂದು ಮನೆಗಳ ಸಾಲಿನ ನಡುವೆ ಒಂದು ಕಡೆ ಇಳಿಯಿತು. ಅಲ್ಲಿ ಒಂದು ಕೊಳ. ತಾವರೆ. ಎರಡು ಹಂಸ. ಕತ್ತು ಬಳುಕಿಸುತ್ತಿದ್ದವು.

“ನೋಡಿ! ನಾನು ಹೇಳಿರಲಿಲ್ವಾ!” ಮನೆಯವಳು ಚಪ್ಪಾಳೆ ತಟ್ಟಿದಳು.

ಬೇರೆ ಯಾರೂ ತಟ್ಟಲಿಲ್ಲ. ಪಾರ್ಕಿನಿಂದ ಮನೆ ಎಣಿಸುತ್ತಿದ್ದರು. ಮೊದಲನೆಯದು ಅಧ್ಯಕ್ಷರದು. ಅದರ ಪಕ್ಕ ಕಾರ್ಯದರ್ಶಿಯದು. ಅದರ ಪಕ್ಕ ಕೊಳ.

“ಸರ” ಎಂದರು ಕಾರ್ಯದರ್ಶಿ ಮೆಲ್ಲಗೆ. “ಅದು ನಿಮ್ಮನಿ.”

ಯಜಮಾನರು ಪರದೆಯ ಹತ್ತಿರ ಹೋಗಿ ಬಗ್ಗಿ ನೋಡಿದರು. “ಔದಲ್ಲ! ತಗ್ಗು ಜಾಗ ಅಂತ ಕೊಳಕ್ಕೆ ಬಿಟ್ಟಿದ್ದೆ. ನೀವು ಬಂದು ಒಂದೇ ಸಮ ಕೇಳಿದ್ರಿ, ಕೊಟ್ಬುಟ್ಟೆ.” ನನ್ನ ಕಡೆ ತಿರುಗಿದರು. ಮೀಸೆಯ ಕೆಳಗೆ ನಗು ಇತ್ತೋ ಇಲ್ಲವೋ ಕತ್ತಲಲ್ಲಿ ತಿಳಿಯಲಿಲ್ಲ. “ತೋರ್ಸಿದ್ಮೇಲೆ ಕೊಡ್ಬೇಕಲ್ಲ ಸಾರ್. ಜೆಸಿಬಿ ಎಂಗೂ ಬತ್ತಾ ಅದೆ.”

“ಕೊಳ ಬೇಡ” ಎಂದೆ.

“ಏನಂದ್ರಿ?”

“ಕೊಳ ಬೇಡ. ಪಾರ್ಕು ಸಾಕು. ನಾನೇ ಹೇಳ್ತಿದ್ದೀನಿ, ಬರೆದು ಬೇಕಾದ್ರೂ ಕೊಡ್ತೀನಿ, ಕೊಳ ಬೇಡವೇ ಬೇಡ.”

ನಾನು ಇಷ್ಟು ಮಾತಾಡಿದ್ದನ್ನು ಬಡಾವಣೆ ಕೇಳಿರಲಿಲ್ಲ. ಜನ ನಗತೊಡಗಿದರು, ನಿಲ್ಲಿಸಲಿಲ್ಲ. ಯಜಮಾನರು ಬಂದು ಬೆನ್ನು ತಟ್ಟಿದರು. “ಓಗ್ಲಿ ಬಿಡಿ ಸಾರ್. ಕೊಳ ಬಾಕಿ ಇರ್ಲಿ.”

ಪಾರ್ಕು ಉಳಿಯಿತು. ಬೆಂಚು ಉಳಿಯಿತು. ಮನೆಯೂ ಉಳಿಯಿತು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಹೋದ ವಾರ ಸಂಜೆ ಮಳೆ ಸುರಿಯಿತು. ಬಡಾವಣೆಯ ನೀರೆಲ್ಲ ತಗ್ಗು ಹುಡುಕಿಕೊಂಡು ನಮ್ಮ ಕಾಂಪೌಂಡಿಗೆ ಬಂತು. ಮೊಣಕಾಲುದ್ದ. ನಾನು ಬಿಳಿ ಬನಿಯನ್ ತೊಟ್ಟು, ಬಿಳಿ ಪಂಚೆ ಎತ್ತಿ ಕಟ್ಟಿ ಬಕೆಟ್ಟಿನಿಂದ ಮೊಗೆಯುತ್ತಿದ್ದೆ. ಮನೆಯವಳು ಮಳೆ ನೆತ್ತಿಗೆ ಬೀಳದಿರಲೆಂದು ಬಿಳಿ ಟವೆಲ್ ಸುತ್ತಿಕೊಂಡು ಪಕ್ಕದಲ್ಲಿ ಮೊಗೆಯುತ್ತಿದ್ದಳು. ಎಲ್ಲಿಂದ ನುಗ್ಗುತ್ತಿದೆ ಎಂದು ಇಬ್ಬರೂ ಕತ್ತು ಉದ್ದ ಮಾಡಿ ಗೇಟಿನಾಚೆ ನೋಡಿದೆವು.

ಪಾರ್ಕಿನ ಆಚೆ, ತಮ್ಮ ಮನೆಯ ಮಹಡಿಯ ಮೇಲೆ, ಯಜಮಾನರು ಕೊಡೆ ಹಿಡಿದು ನಿಂತಿದ್ದರು.

“ಸಾರ್!” ಎಂದು ಕೂಗಿದರು. “ನನ್ನ ಮಾತು ಪೂರ್ತಿ ಆತು ನೋಡಿ! ಕೊಳಾನೂ ಕೊಟ್ಟೆ. ಅಂಸ ಎರಡೂ ಇಲ್ಲಿಂದ ಸೆಂದಾಗಿ ಕಾಣ್ತಾ ಅವೆ!”