ಕುಬೇರಪ್ಪ ಗ್ಯಾಲರಿ

ಶ್ರೀಧರನ ಗ್ರಹಚಾರ ಕೆಟ್ಟದ್ದು ಒಂದು ‘ದಿವಂಗತ’ದಿಂದ. ಗದಗಿನ ತ್ರಿಕೂಟ ಫುಟ್‌ಬಾಲ್ ಕ್ಲಬ್ಬಿನ ಗುಮಾಸ್ತನಾದ ಅವನು ಆರು ತಿಂಗಳು ಕುಳಿತು ಕ್ಲಬ್ಬಿನ ಅರವತ್ತು ವರ್ಷದ ಇತಿಹಾಸ ಬರೆದಿದ್ದ. ಬೆಟಗೇರಿಯ ನೇಕಾರರು ಸಂಜೆ ಮಗ್ಗದಿಂದ ಎದ್ದು ಆಡತೊಡಗಿದ್ದು, ಆಮೇಲೆ ಸಂಬಳಕ್ಕೆ ಆಡುವವರು ಬಂದದ್ದು, ಸೋತದ್ದು, ಮತ್ತೆ ಸೋತದ್ದು ಎಲ್ಲ ಅದರಲ್ಲಿತ್ತು. ಗೆದ್ದದ್ದು ಒಂದೇ ಕಪ್, ಎಂಬತ್ತನಾಲ್ಕರಲ್ಲಿ, ದೂರದ ಬೆಂಗಳೂರಿನಲ್ಲಿ. ಕೊನೆಯ ಪೆನಾಲ್ಟಿ ಹಿಡಿದು ಅದನ್ನು ಗೆದ್ದುಕೊಟ್ಟವನು ಗೋಲ್‌ಕೀಪರ್ ದಿವಂಗತ ಕುಬೇರಪ್ಪ ಎಂದು ಶ್ರೀಧರ ಬರೆದಿದ್ದ. ಅದನ್ನೋದಿದ ಅಧ್ಯಕ್ಷರು ಮೈದಾನದ ಹೊಸ ಗ್ಯಾಲರಿಗೆ ಅವನ ಹೆಸರಿಡಲು ನಿಶ್ಚಯಿಸಿದರು. ಬದುಕಿರುವ ಒಬ್ಬರ ಹೆಸರಿಟ್ಟರೆ ಬದುಕಿರುವ ಉಳಿದವರೆಲ್ಲ ಜಗಳಕ್ಕೆ ಬರುತ್ತಾರೆಂದು, ಸತ್ತವರ ಹೆಸರನ್ನಷ್ಟೇ ಇಡುವುದು ಕ್ಲಬ್ಬಿನ ಕಟ್ಟಳೆ.

ಸಮಾರಂಭದ ದಿನ ಬೆಳಿಗ್ಗೆ ಪಕ್ಕದ ಮನೆಯ ನೀಲಗಂಗವ್ವ ಪುಸ್ತಕ ಹಿಡಿದು ಬಂದಳು. ಅವಳ ತವರು ಕುಬೇರಪ್ಪನ ಊರಾದ ಹಿರೇವಡ್ಡಟ್ಟಿ.

“ಈ ಕುಬೇರಪ್ಪ ಯಾವಾಗ ಸತ್ತನೋ ತಮ್ಮಾ? ಮೊನ್ನಿ ಸಂತ್ಯಾಗ ಬದನಿಕಾಯಿ ಆರಸ್ಕೋಂತ ಕುಂತಿದ್ನಲ್ಲ.”

ಶ್ರೀಧರನ ಕೈಯಲ್ಲಿದ್ದ ಚಹಾ ಅಲ್ಲೇ ಆರಿಹೋಯಿತು. ಮುಂಡರಗಿ ಬಸ್‌ಸ್ಟ್ಯಾಂಡಿನ ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಿ ಕುಬೇರಪ್ಪನ ಮೀಸೆಯಿದ್ದ ಹಳೆಯ ಫೋಟೋವನ್ನು ಅವನು ಕಣ್ಣಾರೆ ನೋಡಿದ್ದ. ಆದರೆ ನೋಡಿದ್ದು ಓಡುವ ಬಸ್ಸಿನ ಕಿಟಕಿಯಿಂದ. ನಮ್ಮ ಕಡೆಯ ಫ್ಲೆಕ್ಸಿನಲ್ಲಿ ಸತ್ತವರು ಒಬ್ಬರಾದರೆ ದುಃಖತಪ್ತರು ನಲವತ್ತು ಮಂದಿ, ಎಲ್ಲರದೂ ಫೋಟೋ ಇರುತ್ತದೆ. ಕುಬೇರಪ್ಪ ಆ ನಲವತ್ತರಲ್ಲಿ ಒಬ್ಬನಾಗಿದ್ದ.

ಅರ್ಧ ತಾಸಿನಲ್ಲಿ ಓಣಿಗೆಲ್ಲ ಸುದ್ದಿ ಹಬ್ಬಿತು. ಒಬ್ಬರು ಅಧ್ಯಕ್ಷರ ಕಾಲಿಗೆ ಬೀಳು ಎಂದರು, ಇನ್ನೊಬ್ಬರು ಆಸ್ಪತ್ರೆ ಸೇರಿಬಿಡು ಎಂದರು. ಮತ್ತೊಬ್ಬರು ಕುಬೇರಪ್ಪನ ವಯಸ್ಸು ವಿಚಾರಿಸಿ, ಸಂಜೆಯೊಳಗೆ ಏನು ಬೇಕಾದರೂ ಆಗಬಹುದು, ದೇವರಿದ್ದಾನೆ ಎಂದು ಧೈರ್ಯ ಹೇಳಿದರು. ಇನ್ನೊಂದು ತಪ್ಪಾದರೆ ನೌಕರಿ ಇಲ್ಲವೆಂದು ಅಧ್ಯಕ್ಷರು ಹೋದ ತಿಂಗಳೇ ಎಚ್ಚರಿಸಿದ್ದರು. ತಾಯಿ ರತ್ನವ್ವನ ಸಿಟ್ಟು ಮಾತ್ರ ಬೇರೆ.

“ಬದುಕಿದ್ದಾವನ್ನ ಕೊಂದಿ. ಒಂಬತ್ತು ವರ್ಷ ಅದ ಕ್ಲಬ್ಬಿನ್ಯಾಗ ಇದ್ದ ನಿಮ್ಮಪ್ಪಂದು ಒಂದು ಸಾಲು ಬರೀಲಿಲ್ಲ.”

ಅಪ್ಪ ಗೋವಿಂದಪ್ಪ ಒಂಬತ್ತು ವರ್ಷವೂ ಎರಡನೆಯ ಗೋಲ್‌ಕೀಪರ್. ಒಂದು ಪಂದ್ಯವನ್ನೂ ಆಡದೆ ಸತ್ತವನ ಬಗ್ಗೆ ಏನು ಬರೆಯುವುದೆಂಬುದು ಶ್ರೀಧರನ ವಾದ. ಒಳಗೊಳಗೆ ಅವನಿಗೆ ಅಪ್ಪನ ವಿಷಯದಲ್ಲಿ ನಾಚಿಕೆಯೂ ಇತ್ತು.

ಅವನು ಮುಂಡರಗಿ ಬಸ್ಸು ಹಿಡಿದ. ದಾರಿಯಲ್ಲಿ ಮೈದಾನ ನೋಡಿಕೊಳ್ಳುವ ನಯಾಜ ಫೋನ್ ಮಾಡಿ, ಹಾರ ಬಂದಿವೆ, ಫೋಟೋ ಆಳೆತ್ತರ ಆಗಿದೆ, ಮೌನ ಒಂದು ನಿಮಿಷ ಸಾಕೋ ಎರಡು ಬೇಕೋ ಎಂದು ಕೇಳಿದ.

ಹಿರೇವಡ್ಡಟ್ಟಿಯಲ್ಲಿ ಕುಬೇರಪ್ಪ ಮನೆಯ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ. ಶ್ರೀಧರ ಅವನ ಕಾಲು ಹಿಡಿದು ಎಲ್ಲ ಒಪ್ಪಿಕೊಂಡು, ಇವತ್ತೊಂದು ದಿನ ಗದಗಿನ ಕಡೆ ತಲೆಹಾಕಬೇಡಿರೆಂದು ಬೇಡಿದ. ಮುದುಕ ಸಿಟ್ಟಾಗಲಿಲ್ಲ. ನೀನು ಯಾರ ಮಗನೆಂದು ಕೇಳಿದ. ಗೋವಿಂದಪ್ಪನ ಮಗನೆಂದು ತಿಳಿದದ್ದೇ ತಡ, ಶೇಂಗಾ ಬದಿಗೆ ಸರಿಸಿ ರುಮಾಲು ಸುತ್ತತೊಡಗಿದ. ಬಾಯಿ ಬಿಡುವುದಿಲ್ಲ, ಹಿಂದೆ ಕೂತು ನೋಡುತ್ತೇನೆ, ಆದರೆ ಬರುವುದಂತೂ ಖರೆ ಎಂದ. ಬದುಕಿದವರನ್ನು ಹೇಗಾದರೂ ಒಪ್ಪಿಸಬಹುದು, ಸತ್ತವರ ಹಟಕ್ಕೆ ಮದ್ದಿಲ್ಲ.

ನಲವತ್ತು ವರ್ಷದಲ್ಲಿ ಮೀಸೆ, ಹಲ್ಲು ಎರಡೂ ಹೋಗಿದ್ದರಿಂದ ಮೈದಾನದಲ್ಲಿ ಯಾರಿಗೂ ಗುರುತು ಹತ್ತಲಿಲ್ಲ. ಬಾಗಿಲಲ್ಲಿ ನಯಾಜ ಅವನ ಕೈಗೂ ಒಂದು ಹಿಡಿ ಹೂ ಕೊಟ್ಟು ಫೋಟೋಕ್ಕೆ ಹಾಕಿ ಬರಲು ಹೇಳಿದ. ಕುಬೇರಪ್ಪ ತನ್ನ ಫೋಟೋಕ್ಕೆ ಹೂ ಹಾಕಿ, ಕೈಮುಗಿದು ಬಂದ.

ಅಧ್ಯಕ್ಷರು ಫಲಕದ ಪರದೆ ಸರಿಸಿದರು. ಎಲ್ಲರೂ ಎದ್ದು ನಿಂತರು. ಮೌನದ ನಡುವೆ ಹಿಂದಿನ ಸಾಲಿನಲ್ಲಿ ಪಕ್ಕಕ್ಕಿದ್ದ ಮುದುಕ ಬಿಕ್ಕುತ್ತಿರುವುದು ಕೇಳಿ, ಯಾರಾದರೂ ತಿರುಗಿ ನೋಡುತ್ತಾರೇನೋ ಎಂದು ಶ್ರೀಧರ ಹೆದರಿದ. ಜನ ಕುಳಿತ ಮೇಲೆ ಕುಬೇರಪ್ಪ ಅವನ ಕಿವಿಯ ಹತ್ತಿರ ಬಾಗಿದ.

“ನೀ ಬರದದ್ದು ತಪ್ಪಲ್ಲೋ ತಮ್ಮಾ. ಅವತ್ತು ಬಾಲ್ ಹಿಡದಾವ ಸತ್ತಾನ.”

“ಅಂದ್ರ ಯಾರ್ರಿ?” ಎಂದ ಶ್ರೀಧರ.

“ನಾ ಕಾಮಣಿ ಬ್ಯಾನಿ ಆಗಿ ಊರಾಗ ಮಕ್ಕೊಂಡಿದ್ದೆ. ನಿಮ್ಮಪ್ಪನ ಹೆಸರು ಕ್ಲಬ್ಬಿನವರು ಆ ವರ್ಷ ನೋಂದಣಿನ ಮಾಡಿಸಿರಲಿಲ್ಲ. ನನ್ನ ಕಾರ್ಡ್ ತಗೊಂಡು, ನನ್ನ ಹೆಸರಿನ್ಯಾಗ ಅಂವ ಆಡಿದ. ಹೊರಗ ಬಿದ್ರ ಕಪ್ ಹೊಳ್ಳಿ ಕೊಡಬೇಕಾಗತಿತ್ತು. ಎಲ್ಲಾರೂ ಆಣಿ ಮಾಡಿದ್ವಿ. ಹೇಳೋದು ಬಿಡೋದು ಇನ್ನ ನಿನಗ ಬಿಟ್ಟದ್ದು.”

ಅಪ್ಪ ಸಾಯುವತನಕ ಮನೆಯಲ್ಲಿ ಒಂದು ಮಾತೂ ಆಡಿರಲಿಲ್ಲ. ಎಲ್ಲರೆದುರು ಹೇಳಿಬಿಡಬೇಕೆಂದು ಶ್ರೀಧರ ಎದ್ದು ಮೈಕಿನ ಕಡೆ ನಡೆದ. ಮೈಕಿನ ಪಕ್ಕದ ಮೇಜಿನ ಮೇಲೆ ಅರವತ್ತು ವರ್ಷದ ಆ ಒಂದೇ ಕಪ್ ಇತ್ತು. ಅಧ್ಯಕ್ಷರು ಎದುರು ಬಂದು ಅವನ ಹೆಗಲ ಮೇಲೆ ಕೈ ಹಾಕಿದರು.

“ಪುಸ್ತಕದಾಗ ಒಂದೂ ತಪ್ಪಿಲ್ಲ ನೋಡಪಾ. ನಿಮ್ಮಪ್ಪನೂ ಕ್ಲಬ್ಬಿನ್ಯಾಗ ಇದ್ನಂತಲ್ಲ, ಏನ್ ಮಾಡತಿದ್ದ?”

ಶ್ರೀಧರ ಕಪ್ಪಿನ ಕಡೆ ನೋಡಿದ, ಅಧ್ಯಕ್ಷರ ಕಡೆ ನೋಡಿದ.

“ಆಡೋರಿಗೆ ನೀರ ಕೊಡತಿದ್ದರಿ,” ಎಂದ.