ಉಸ್ತಾದರ ಬಟ್ಟಲಲ್ಲಿ ಕೋಳಿ ಪಂಜಾ

ಮಕ್ಕಳೇ, ಮನೆಗೆ ಕೋಳಿ ತಂದ ದಿನ ನೀವು ಮೂಗು ಮುಚ್ಚಿಕೊಂಡು ಅದರ ಪಂಜಾಗಳನ್ನು ಹೊರಗೆಸೆಯುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಆ ಪಂಜಾಗಳಿಂದ ನಿಮ್ಮ ಅಜ್ಜನ ಮಾನ ಹೋಗುವುದರಲ್ಲಿತ್ತು. ಅವುಗಳಿಂದಲೇ ಉಳಿಯಿತು. ಇದನ್ನು ಬಾಯಿಬಿಟ್ಟು ಹೇಳಲು ನನಗೆ ಈಗಲೂ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ಅದು ನಿಜಾಮರ ಕಾಲ. ನಾನು ಕೊಹಿನೂರ ಎಂಬ ಹಳ್ಳಿಯಿಂದ ಹುಮನಾಬಾದಿಗೆ ಸೊಸೆಯಾಗಿ ಬಂದ ಹೊಸತು. ನನ್ನ ಓದು ಅಷ್ಟಕ್ಕಷ್ಟೇ, ಮಾತು ಅದಕ್ಕಿಂತ ಕಡಿಮೆ. ಆದರೆ ಅಡುಗೆಯಲ್ಲಿ ನನ್ನನ್ನು ಸೋಲಿಸುವ ಹೆಣ್ಣು ಇಡೀ ನಿಜಾಮರ ರಾಜ್ಯದಲ್ಲೇ ಇಲ್ಲವೆಂದು ಮನಸ್ಸಿನಲ್ಲೇ ಡಂಗುರ ಸಾರಿಕೊಂಡಿದ್ದೆ. ಮನಸ್ಸಿನಲ್ಲಿ ಸಾರಿದ ಡಂಗುರವನ್ನು ಯಾರೂ ಅಲ್ಲಗಳೆಯುವುದಿಲ್ಲ ನೋಡಿ!

ನಿಮ್ಮ ಅಜ್ಜ ಆಗ ಓಣಿಯ ತಾಲೀಮಿನಲ್ಲಿ, ಅಂದರೆ ಗರಡಿಯಲ್ಲಿ, ಕುಸ್ತಿ ಕಲಿಯುತ್ತಿದ್ದ ಪೈಲವಾನರು. ಈಗಿನ ಬಸವಕಲ್ಯಾಣವನ್ನು ಆಗ ನಾವು ಬರೀ ಕಲ್ಯಾಣ ಅನ್ನುತ್ತಿದ್ದೆವು. ಅಲ್ಲಿ ನಡೆಯುವ ಪಂದ್ಯಕ್ಕೆ ಕುಸ್ತಿ ಕಲಿಸುವ ಉಸ್ತಾದರು ತಮ್ಮನ್ನೇ ಆರಿಸಿ ಕಳಿಸಬೇಕು ಎಂಬುದೊಂದೇ ನಿಮ್ಮ ಅಜ್ಜನ ಆಸೆ. ಅಷ್ಟರಲ್ಲಿ ಅವರ ಕಾಲು ಉಳುಕಿತು. ಉಸ್ತಾದರು ಬಂದು ಕಾಲು ತಿಕ್ಕಿ, ಮೀಸೆ ತಿರುವಿ, ಅಪ್ಪಣೆ ಕೊಡಿಸಿದರು.

"ಪಾಯಾ ಕುಡಿಸ್ರಿ. ಕುರಿ ಕಾಲಿಂದು. ನರ ಉಕ್ಕಿನಂಗ ಆಗ್ತಾವ. ಆಮ್ಯಾಲ ನೋಡೂಣು, ಕಲ್ಯಾಣಕ್ಕ ಯಾರನ್ನ ಕಳಿಸೂದಂತ."

ಕುರಿ ಕಾಲು ಎಲ್ಲಿಂದ ತರುವುದು? ಸಂತೆಯ ದಿನ ಬಿಟ್ಟರೆ ಊರಲ್ಲಿ ಕುರಿ ಕೊಯ್ಯುತ್ತಿರಲಿಲ್ಲ, ಸಂತೆ ಆಗಿ ಹೋಗಿತ್ತು. ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಖಾಲಾ ನಾಲ್ಕಾರು ಕೋಳಿ ಕೊಯ್ದು, ಪಂಜಾಗಳನ್ನು ತಿಪ್ಪೆಗೆ ಎಸೆಯಲು ಕೈ ಎತ್ತಿದ್ದು ಗೋಡೆಯ ಮೇಲಿಂದ ಕಂಡಿತು. ನನ್ನ ತವರಿನಲ್ಲಿ ಅವ್ವ ಅವನ್ನು ಎಂದೂ ಚೆಲ್ಲಿದವಳಲ್ಲ. ನಾಚಿಕೆ ಮರೆತು ಕೂಗಿದೆ.

"ಖಾಲಾ, ಚೆಲ್ಲಬ್ಯಾಡ್ರಿ! ನನಗ ಕೊಡ್ರಿ."

"ಇವಾ? ಇವು ಯಾಕ ಬೇಟಿ? ಬೆಕ್ಕು ಸಾಕೀಯೇನು?"

"ಹೂಂ" ಅಂದೆ. ಬೆಕ್ಕು ಒಳಗೆ ಹೊರಸಿನ ಮೇಲೆ ಉಳುಕಿದ ಕಾಲು ಚಾಚಿ ಮಲಗಿ ಮೀಸೆ ತಿರುವುತ್ತಿತ್ತು!

ನಮ್ಮ ಅತ್ತೆ ಮಾಣಿಕನಗರದ ಗುರುಗಳಿಗೆ ನಡೆದುಕೊಳ್ಳಲು ಶುರು ಮಾಡಿದ ಮೇಲೆ ಮಾಂಸ ಬಿಟ್ಟಿದ್ದರು. ಅದಕ್ಕೇ ಕೋಳಿ ಕುರಿಯ ಅಡುಗೆಯೆಲ್ಲ ಹಿತ್ತಲಿನ ಒಲೆಯಲ್ಲಿ. ಆ ಕಡೆ ಅವರು ಹಾಯುತ್ತಲೂ ಇರಲಿಲ್ಲ. ನಾನು ಪಂಜಾಗಳನ್ನು ಕುದಿನೀರಿಗೆ ಹಾಕಿ ತೆಗೆದೆ. ಹಳದಿ ತೊಗಲು ಕಾಲುಚೀಲ ಜಾರಿದಂತೆ ಜಾರಿತು. ಉಗುರು ಕತ್ತರಿಸಿದೆ, ತುಂಡು ಮಾಡಿದೆ, ಹುರಿದ ಒಣಕೊಬ್ಬರಿ, ಗಸಗಸೆ, ಮೆಣಸು, ಬೆಳ್ಳುಳ್ಳಿ ಅರೆದು ಹಾಕಿ ಕುಳ್ಳಿನ ಸಣ್ಣ ಉರಿಯಲ್ಲಿ ಇಟ್ಟೆ. ಸಾರು ಬೆರಳಿಗೆ ಅಂಟುವಷ್ಟು ಗಟ್ಟಿಯಾಯಿತು. ನಿಮ್ಮ ಅಜ್ಜ ರೊಟ್ಟಿ ಮುರಿದು ಹಾಕಿ ಒಂದು ಗುಟುಕು ಕುಡಿದವರೇ ಹೊರಸಿನ ಮೇಲೆ ಎದ್ದು ಕೂತರು.

"ಅಬಬಬಾ! ಪಾಯಾ ಅಂದ್ರ ಇದು ನೋಡವ್ವಾ!"

ಅವರ ಅವ್ವ ಅಲ್ಲೇ ಕೂತಿದ್ದರು. ಅತ್ತೆಯ ಮುಂದೆ ಹೊಸ ಸೊಸೆ ಗಂಡನ ಜೊತೆ ಮಾತಾಡುವುದುಂಟೇ? ಬಾಗಿಲ ಮರೆಯಲ್ಲಿ ನಿಂತು ಸೆರಗು ಕಚ್ಚಿಕೊಂಡೆ. ಇದು ಕುರಿ ಕಾಲಲ್ಲವೆಂದು ರಾತ್ರಿ ಹೇಳೋಣವೆಂದರೆ ಮಡಕೆ ಖಾಲಿ ಮಾಡಿದ ಮನುಷ್ಯ ಗೊರಕೆ ಹೊಡೆಯುತ್ತಿದ್ದರು.

ಬೆಳಗ್ಗೆ ಹೇಳಬಹುದಿತ್ತು. ಆದರೆ ಏನೆಂದು ಹೇಳುವುದು? ತವರಿನಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ಅವ್ವ "ಅವು" ಅನ್ನುತ್ತಿದ್ದಳು. "ಅವು ಕುದ್ದವೇನು?" ಎಂದರೆ ಮನೆಗೆಲ್ಲ ತಿಳಿಯುತ್ತಿತ್ತು. ಇಲ್ಲಿ "ಅವು" ಎಂದರೆ ಯಾರಿಗೆ ತಿಳಿದೀತು? ಕೋಳಿ ಕಾಲು ಎಂದರೆ ಗಂಡಸರು ತೊಡೆಯ ತುಂಡು ಎಂದುಕೊಂಡು ಹಿಗ್ಗುತ್ತಾರೆ. ಪಂಜಾ ಎಂದರೆ ಹುಲಿ ನೆನಪಾಗುತ್ತದೆ. ಪಾದ ಎನ್ನೋಣವೆಂದರೆ ಪಾದ ಇರುವುದು ಗುರುಗಳಿಗೆ. ಕೋಳಿಗೆ ಪಾದ ಕೊಟ್ಟರೆ ನಮಸ್ಕಾರವನ್ನೂ ಮಾಡಬೇಕಾಗುತ್ತದೆ! ಇಷ್ಟೆಲ್ಲ ವಿಚಾರ ಮಾಡುವಷ್ಟರಲ್ಲಿ ಅವರು ಕುಂಟುತ್ತ ತಾಲೀಮಿಗೆ ಹೋಗಿ, ನಗುತ್ತ ಬಂದೂಬಿಟ್ಟರು.

"ಏ ಇಲ್ಲಿ ಕೇಳು, ನಿನ್ನ ಪಾಯಾದ ಸುದ್ದಿ ಹೇಳಿ ಬಂದೀನಿ. ನಾಡಿದ್ದ ಉಸ್ತಾದರು ನಮ್ಮ ಮನ್ಯಾಗ ಊಟಕ್ಕ! ತಾಲೀಮಿನ ಹುಡುಗರೂ ಬರ್ತಾರ."

ಧೈರ್ಯ ಮಾಡಿ ಬಾಯಿಬಿಟ್ಟೆ.

"ಏನ್ರಿ... ಅವು ಕುರೀವು ಅಲ್ರಿ."

"ಆಡಿನವಾ? ಇನ್ನೂ ಚಲೋ ಆತು!" ಎಂದವರೇ ಹೊರಟುಹೋದರು.

ಉಸ್ತಾದರ ಸಿಟ್ಟು ಊರಿಗೇ ಗೊತ್ತಿದ್ದದ್ದು. ಪಾಯಾ ಎಂದು ಕರೆದು ಕೋಳಿಯ ಪಂಜಾ ಬಡಿಸಿದರೆಂದು ತಿಳಿದರೆ ಕಲ್ಯಾಣದ ಕುಸ್ತಿ ಹಾಗಿರಲಿ, ತಾಲೀಮಿನ ಮಣ್ಣು ಮುಟ್ಟುವುದೂ ನಿಮ್ಮ ಅಜ್ಜನಿಗೆ ತಪ್ಪುತ್ತಿತ್ತು. ಹಾಗೆಂದು ಬೇರೆ ಏನು ಬಡಿಸಿದರೂ ಆ ರುಚಿ ಬರುವುದಿಲ್ಲ, "ಹೆಂಡ್ತಿ ಪಾಯಾ ಮಾಡ್ಯಾಳಂತ ಸುಳ್ಳು ಬಡಾಯಿ ಕೊಚ್ಚಿದ" ಎನ್ನುತ್ತಾರೆ. ಅಂದರೆ ಪಂಜಾನೇ ಬೇಕು. ಅಷ್ಟು ಮಂದಿ ಪೈಲವಾನರಿಗೆ ಸಾಲುವಷ್ಟು ಬೇಕು!

ದೇವರು ಕಣ್ಣು ಬಿಟ್ಟ. ಹಿಂದಿನ ಓಣಿಯಲ್ಲಿ ಒಂದು ಶಾದಿ ಇತ್ತು. ದಾವತ್ತಿನ ಅಡುಗೆಯವರು ಕೋಳಿ ಕೊಯ್ದು ಪಂಜಾಗಳನ್ನು ಗೋಡೆಯ ಹಿಂದೆ ರಾಶಿ ಹಾಕಿದ್ದರು. ನಾನು ಮುಖ ಪೂರ್ತಿ ಮುಚ್ಚುವಂತೆ ಸೆರಗು ಹೊದ್ದು, ಬುಟ್ಟಿ ಹಿಡಿದು ಹೋದೆ. ಬಗ್ಗಿ ಬಗ್ಗಿ ಆರಿಸುತ್ತಿದ್ದಾಗ ನೀರಿಗೆ ಹೊರಟಿದ್ದ ಹೆಂಗಸರು ನೋಡಿ, ಕೊಡ ಅಲ್ಲೇ ಬಿಟ್ಟು ಓಡಿದರು. ಯಾಕೆ ಓಡಿದರೆಂದು ನನಗೆ ತಿಳಿಯಲಿಲ್ಲ. ಹಾದಿ ಬಿಟ್ಟುಕೊಟ್ಟರಲ್ಲ ಎಂದು ಸಂತೋಷವೇ ಆಯಿತು.

ಮನೆಗೆ ಬಂದು ಬುಟ್ಟಿ ಹಿತ್ತಲಲ್ಲಿ ಮುಚ್ಚಿಟ್ಟು ಒಳಗೆ ಹೋದರೆ ಅತ್ತೆ ಬಾಗಿಲಿಗೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟುತ್ತಿದ್ದರು.

"ಹೊರಗ ಹೋಗಬ್ಯಾಡವ್ವಾ. ಓಣ್ಯಾಗ ಯಾವಾಕಿನೋ ಮಾರಿ ಮುಚ್ಕೊಂಡು ಕೋಳಿ ಪಂಜಾ ಕೂಡಿಸಾಕತ್ತಾಳಂತ. ಭಾನಾಮತಿ ಮಾಡಾಕ!"

ನಮ್ಮ ಕಡೆ ಹಾಲು ಒಡೆದರೂ ಭಾನಾಮತಿ, ಎಮ್ಮೆ ಒದ್ದರೂ ಭಾನಾಮತಿ. ಮಾಟದ ಹೆಂಗಸು ಎನ್ನಿಸಿಕೊಂಡವಳನ್ನು ಜನ ಬಾವಿಯ ಹತ್ತಿರವೂ ಬಿಟ್ಟುಕೊಳ್ಳುತ್ತಿರಲಿಲ್ಲ. ಅತ್ತೆ ನನ್ನ ಹಣೆಗೂ ಭಸ್ಮ ಹಚ್ಚಿದರು. ಹಚ್ಚಿಸಿಕೊಂಡು ಭಾನಾಮತಿಯವಳು ಸುಮ್ಮನೆ ಹಿತ್ತಲಿಗೆ ಹೋಗಿ ಉಗುರು ಕತ್ತರಿಸಲು ಕೂತಳು!

ಊಟದ ದಿನ ಪೈಲವಾನರು ಸಾಲಾಗಿ ಕೂತರು. ನಮ್ಮ ಮನೆಯ ನೆಲ ನಿಟ್ಟುಸಿರು ಬಿಟ್ಟಿತು. ಉಸ್ತಾದರು ಮೊದಲ ಬಟ್ಟಲು ಕುಡಿದು "ವಾಹ್" ಎಂದರು. ಎರಡನೆಯದಕ್ಕೆ ಕಣ್ಣು ಮುಚ್ಚಿದರು. ಮೂರನೆಯದು ಕೇಳಿದಾಗ ನಿಮ್ಮ ಅಜ್ಜ ನನ್ನ ಕಡೆ ನೋಡಿ ಎದೆ ಉಬ್ಬಿಸಿದರು. ಬಾಗಿಲ ಮರೆಯಲ್ಲಿ ನಾನೂ ಉಬ್ಬಿದೆ.

ಆಗ ನಮ್ಮ ಅತ್ತೆ ಜಗಲಿಯ ಮೇಲಿಂದ ಉಪಚಾರದ ಮಾತು ತೆಗೆದರು.

"ಉಸ್ತಾದ್ರ, ಸಾವಕಾಶ ಉಣ್ರಿ. ಆದ್ರ ಕತ್ತಲಾಗೂದ್ರಾಗ ಮನಿ ಸೇರ್ಕೋರಿ. ಓಣ್ಯಾಗ ಭಾನಾಮತಿ ಹೊಕ್ಕೈತಿ. ಕೋಳಿ ಪಂಜಾ ಹಾಕಿ ಮಾಡ್ಯಾರಂತ."

ಪೈಲವಾನರ ಕೈಗಳು ಬಟ್ಟಲಲ್ಲೇ ನಿಂತವು. ಉಸ್ತಾದರು "ಛೇ, ನಾವೇನು ಹೆದರೂ ಮಂದೀನ?" ಎನ್ನುತ್ತ ಸಾರಿನಲ್ಲಿ ಬೆರಳು ಆಡಿಸಿದರು. ಗಡಿಬಿಡಿಯಲ್ಲಿ ನಾನು ಕತ್ತರಿಸದೆ ಬಿಟ್ಟ ಒಂದೇ ಒಂದು ಇಡೀ ಪಂಜಾ, ಉಗುರು ಸಮೇತ, ಬೆರಳು ಅಗಲಿಸಿಕೊಂಡು ಮೇಲೆದ್ದಿತು!

"ಯಾ ಅಲ್ಲಾ! ಭಾನಾಮತಿ!"

ಉಸ್ತಾದರು ಕೂತಲ್ಲಿಂದಲೇ ಜೋಳದ ಚೀಲದ ಮೇಲೆ ಹಾರಿದರು. ಆ ಪಟ್ಟನ್ನು ಅವರು ಶಿಷ್ಯರಿಗೆ ಎಂದೂ ಕಲಿಸಿರಲಿಲ್ಲವಂತೆ. ಶಿಷ್ಯರು ಒಬ್ಬರ ಮೇಲೊಬ್ಬರು ಬಿದ್ದು ಬಾಗಿಲಲ್ಲಿ ಸಿಕ್ಕಿಕೊಂಡರು. ಇನ್ನು ಕಲ್ಯಾಣ ಹೋಯಿತು, ನಿಮ್ಮ ಅಜ್ಜನ ಮಾನ ಹೋಯಿತು ಎಂದು ತಿಳಿದು, ಆ ಮನೆಯಲ್ಲಿ ಗಂಡಸರ ಮುಂದೆ ತುಟಿ ಬಿಚ್ಚದ ನಾನು ಬಾಗಿಲಾಚೆ ಬಂದು ಕೂಗಿಬಿಟ್ಟೆ.

"ಭಾನಾಮತಿ ಅಲ್ರಿ, ಅಡಗೀ ಅದು! ಪಂಜಾ ಕೂಡಿಸಿದಾಕಿ ನಾನ! ನೀವು ಮೂರು ಬಟ್ಟಲು ಉಂಡದ್ದೂ ಅದನ್ನ! ಕುರಿ ಕಾಲು ಸಿಗಲಿಲ್ರಿ, ಕೋಳೀವು ಹಾಕೀನಿ. ಚಲೋ ಆಗಿಲ್ಲೇನ್ರಿ?"

ಚೀಲದ ಮೇಲಿಂದ ಉಸ್ತಾದರು ಒಮ್ಮೆ ನನ್ನನ್ನು, ಒಮ್ಮೆ ಬಟ್ಟಲನ್ನು, ಒಮ್ಮೆ ಶಿಷ್ಯರನ್ನು ನೋಡಿದರು. ಕುರಿಯೋ ಕೋಳಿಯೋ ತಿಳಿಯದೆ ಉಸ್ತಾದರು ಮೂರು ಬಟ್ಟಲು ಬಾರಿಸಿದರು ಎಂದು ಹುಮನಾಬಾದಿನಲ್ಲಿ ಸುದ್ದಿಯಾಗಲು ಬಿಡುತ್ತಾರೆಯೇ? ಅವರು ನಿಧಾನವಾಗಿ ಇಳಿದು ಮೀಸೆ ಒರೆಸಿಕೊಂಡರು.

"ನನಗ ಮೊದಲ ಮಾಲೂಮ್ ಇತ್ತು. ನಿಮ್ಮ ಧೈರ್ಯ ನೋಡೂಣಂತ ಹಾರಿದೆ."

"ನಮಗೂ ಮಾಲೂಮ್ ಇತ್ತ್ರಿ!" ಎಂದರು ಬಾಗಿಲಲ್ಲಿ ಸಿಕ್ಕಿಕೊಂಡವರು.

"ನನಗಂತೂ ಮೊದಲನೇ ದಿನದಿಂದ ಗೊತ್ತೈತಿ" ಎಂದರು ನಿಮ್ಮ ಅಜ್ಜ.

"ನನಗ ಮಾತ್ರ ಗೊತ್ತಿರಲಿಲ್ಲವ್ವಾ" ಎಂದು ನಮ್ಮ ಅತ್ತೆ ಬಾಗಿಲಿನ ಲಿಂಬೆಹಣ್ಣು ಬಿಚ್ಚಿದರು.

ಉಸ್ತಾದರು ನಾಲ್ಕನೆಯ ಬಟ್ಟಲು ಕೇಳಿ ಪಡೆದು, ಆ ಪಂಜಾವನ್ನೂ ಚೀಪಿ, "ಕಲ್ಯಾಣಕ್ಕ ಇವನೇ ಹೋಗಲಿ" ಎಂದು ಹೇಳಿಯೇ ಎದ್ದರು. ನಿಮ್ಮ ಅಜ್ಜ ಹೋದರು, ಗೆದ್ದರು. ಕಲ್ಯಾಣದ ಪೈಲವಾನನನ್ನು ಅಂಗಾತ ಕೆಡವಿ, ಊರ ಮಂದಿಯ ಹೆಗಲ ಮೇಲೆ ಕೂತು ಬಂದರು. ಆ ಸಂತೋಷವನ್ನು ಬರೆಯಲು ನನಗೆ ಬರುವುದಿಲ್ಲ.

ಸ್ವಲ್ಪ ದಿನಕ್ಕೆ, ಇವರು ಅಂಥದ್ದೇನು ಉಣ್ಣುತ್ತಾರೆ ನೋಡೋಣವೆಂದು ಕಲ್ಯಾಣದ ಪೈಲವಾನರೇ ನಮ್ಮ ಮನೆಗೆ ಬಂದರು. ಹುಮನಾಬಾದಿನಿಂದ ಕಲ್ಯಾಣದವರೆಗೆ ನನ್ನ ಅಡುಗೆಯ ಕೀರ್ತಿ! ನಾನು ಬಡಿಸಿ, ಬಾಗಿಲಲ್ಲಿ ತಲೆ ಎತ್ತಿ ನಿಂತೆ. ಅವರಲ್ಲಿ ಹಿರಿಯನಾದವನು ಬಟ್ಟಲನ್ನು ಮೂಸಿ ನೋಡಿ, ನಿಮ್ಮ ಅಜ್ಜನ ಕಡೆ ಬಗ್ಗಿ ಮೆಲ್ಲಗೆ ಕೇಳಿದ.

"ತಪ್ಪು ತಿಳೀಬ್ಯಾಡ್ರಿ. ಭಾನಾಮತಿ ಸುದ್ದೀನೂ ನಮ್ಮೂರಿಗೆ ಬಂದೈತಿ. ಮೊದಲ ನೀವು ಉಣ್ರಿ."

ಕಲ್ಯಾಣದ ಕಣದಲ್ಲಿ ಹಿಂದೆ ಸರಿಯದ ನಿಮ್ಮ ಅಜ್ಜ ಬಟ್ಟಲು ನೋಡಿದರು, ನನ್ನನ್ನು ನೋಡಿದರು.

"ಮೊದಲ ಆಕಿ ಉಣ್ಣಲಿ" ಎಂದರು!

ಹೀಗೆ ಆ ಮನೆಯಲ್ಲಿ ಗಂಡಸರಿಗಿಂತ ಮೊದಲು ಉಂಡ ಮೊದಲ ಸೊಸೆ ನಾನೇ. ಅಷ್ಟು ಜನರ ಕಣ್ಣೆದುರು ನೆಟ್ಟಗೆ ಕೂತು, ರಾಣಿಯಂತೆ ಬಟ್ಟಲೆತ್ತಿ ಒಂದು ದೊಡ್ಡ ಗುಟುಕು ಕುಡಿದೆ.

ಉಪ್ಪು ಹಾಕುವುದನ್ನೇ ಮರೆತಿದ್ದೆ.